ಕಣ್ಣಿಗೆ 576 ಮೆಗಾಪಿಕ್ಸೆಲ್ ಇದ್ದರೆ ಚಾಳೀಸು ಯಾಕೆ ಬರುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಬದಿಯಡ್ಕದ ಹತ್ತಿರ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ಉಪನಯನ, ಕೋಲ, ಯಕ್ಷಗಾನ ಎಲ್ಲದರ ಫೋಟೋ ತೆಗೆಯುತ್ತೇನೆ. ಮನುಷ್ಯನ ಕಣ್ಣು 576 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ನನ್ನ ಕ್ಯಾಮೆರಾ ಬರೀ 24. ಆದರೂ ಒಂದು ವರ್ಷದಿಂದ ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ಫೋಕಸ್ ಬಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಕೈ ಚಾಚಿ ದೂರ ಹಿಡಿಯಬೇಕು. ಯಕ್ಷಗಾನ ಆಟದ ರಾತ್ರಿ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಿಂದ ಹೊರಗೆ ಬಂದರೆ ಕತ್ತಲೆಗೆ ಕಣ್ಣು ಹೊಂದಲು ತುಂಬಾ ಹೊತ್ತು ಬೇಕು. ಕೆಲವು ಸಲ ಬಲ್ಬಿನ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಕನ್ನಡಕ ಹಾಕಿದರೆ ವ್ಯೂಫೈಂಡರಿಗೆ ಕಣ್ಣಿಡುವುದು ಕಷ್ಟ, ಮತ್ತೆ ಒಮ್ಮೆ ಹಾಕಿದರೆ ಪವರ್ ಏರುತ್ತಲೇ ಹೋಗುತ್ತದೆ ಎಂದು ಮನೆಯವಳು ಹೇಳುತ್ತಾಳೆ. ಕ್ಯಾಮೆರಾಗೆ ಬದಲಿಸಿದ ಹಾಗೆ ಕಣ್ಣಿಗೂ ಹೊಸ ಲೆನ್ಸ್ ಹಾಕಿಸಬಹುದಾ? ಲೇಸರ್ ಆದರೂ ಸರಿ. ದೂರದ್ದು ಚೆನ್ನಾಗಿಯೇ ಕಾಣುತ್ತದೆ. ಅಣ್ಣನಿಗೆ ಕಣ್ಣಿನ ಪ್ರೆಷರ್ ಇದೆ, ದಿನಾ ಡ್ರಾಪ್ಸ್ ಹಾಕುತ್ತಾನೆ. ನನಗೆ ಅಂಥದ್ದೇನಿಲ್ಲ. ವಯಸ್ಸಾಯಿತೋ ಏನೋ, ಈಚೆಗೆ ಸ್ಟೇಜಿನ ಬದಿಯಲ್ಲಿ ನನ್ನದೇ ಟ್ರೈಪಾಡಿಗೆ ಎಡವುತ್ತೇನೆ.

ಉತ್ತರ: ನೀವು ಕೇಳಿದ್ದು ಒಂದು, ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಸ್ಕ್ರೀನ್ ಮಸುಕು, ಕತ್ತಲೆಯ ಕಷ್ಟ, ಲೆನ್ಸ್ ಬದಲಿಸುವ ಆಸೆ, ಇವು ನಿಮ್ಮ ಚಿಂತೆ. ಇವಕ್ಕೆಲ್ಲ ಉತ್ತರ ಇದೆ. ಆದರೆ ಕೊನೆಯಲ್ಲಿ ಸುಮ್ನೆ ಬರೆದ ಹಾಗೆ ಬರೆದಿದ್ದೀರಲ್ಲ, ಅಣ್ಣನ ಪ್ರೆಷರ್ ಮತ್ತು ನಿಮ್ಮ ಟ್ರೈಪಾಡ್, ಅವೆರಡನ್ನು ನಾನು ಮತ್ತೆ ಮತ್ತೆ ಓದಿದೆ. ಅಲ್ಲಿಗೆ ಹೋಗಲು ವಾಟ್ಸಾಪಿನ 576ರಿಂದಲೇ ದಾರಿ ಇದೆ. ಅಲ್ಲಿಂದಲೇ ಹೊರಡೋಣ.

ಆ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ರೋಜರ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ, ಅವರೂ ಫೋಟೋಗ್ರಾಫರ್, ಮಾಡಿದ ಲೆಕ್ಕ ಅದು. ನೋಟದ ಹರವು ಅಡ್ಡಕ್ಕೆ 120 ಡಿಗ್ರಿ, ಎತ್ತರಕ್ಕೆ 120 ಡಿಗ್ರಿ ಎಂದು ಇಟ್ಟುಕೊಳ್ಳಿ. ಒಂದು ಡಿಗ್ರಿಯ ಅರವತ್ತನೇ ಭಾಗವನ್ನು ಮಿನಿಟ್ ಎನ್ನುತ್ತೇವೆ. ಒಂದು ಪಿಕ್ಸೆಲಿಗೆ 0.3 ಮಿನಿಟ್ ಎಂದರೆ ಒಂದೊಂದು ಬದಿಗೆ 24,000 ಪಿಕ್ಸೆಲ್ ಬರುತ್ತದೆ. ಗುಣಿಸಿದರೆ 57.6 ಕೋಟಿ. ಗುಣಾಕಾರ ಸರಿ ಇದೆ. ಆದರೆ ಕಣ್ಣನ್ನು ಆಚೀಚೆ ಆಡಿಸಿ ಇಡೀ ದೃಶ್ಯವನ್ನು ನೋಡಿ ಮುಗಿಸಿದರೆ ಇಷ್ಟು ಎಂಬ ಷರತ್ತು ಅದರಲ್ಲೇ ಇತ್ತು. ಫಾರ್ವರ್ಡ್ ಆಗುತ್ತಾ ಆಗುತ್ತಾ ಷರತ್ತು ಉದುರಿಹೋಗಿ ಅಂಕಿ ಮಾತ್ರ ಉಳಿಯಿತು.

ಒಂದು ಕ್ಷಣಕ್ಕೆ ಕಣ್ಣು ಸ್ಪಷ್ಟವಾಗಿ ನೋಡುವ ಜಾಗ ಎಷ್ಟು ಗೊತ್ತಾ? ಕೈ ನೀಟಾಗಿ ಮುಂದಕ್ಕೆ ಚಾಚಿ ಹೆಬ್ಬೆರಳು ನೋಡಿ. ಆ ಉಗುರಿನಷ್ಟು. ಸುಮಾರು ಎರಡು ಡಿಗ್ರಿ. ಉಳಿದದ್ದೆಲ್ಲ ಮಸುಕು. ನಂಬಿಕೆ ಬರದಿದ್ದರೆ ಈ ಸಾಲಿನ ಒಂದೇ ಒಂದು ಪದದ ಮೇಲೆ ಕಣ್ಣು ನೆಟ್ಟು, ಕದಲಿಸದೆ, ಐದು ಪದ ಆಚೆ ಇರುವುದನ್ನು ಓದಲು ನೋಡಿ. ಆಗುವುದಿಲ್ಲ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ ರೆಟಿನಾ, ಅದರ ನಡುವೆ ಫೋವಿಯಾ ಎಂಬ ಸಣ್ಣ ಗುಳಿ ಇದೆ, ಅಗಲ ಒಂದೂವರೆ ಮಿಲಿಮೀಟರ್. ಸೂಕ್ಷ್ಮ ನೋಟದ ಕೆಲಸವೆಲ್ಲ ಅಲ್ಲೇ. ಆ ಗುಳಿಯನ್ನು ಬೇಕಾದ ಕಡೆಗೆ ತಿರುಗಿಸಲು ಕಣ್ಣು ಸೆಕೆಂಡಿಗೆ ಮೂರು ಸಲದ ಹಾಗೆ ಜಿಗಿಯುತ್ತಲೇ ಇರುತ್ತದೆ. ನಿಮ್ಮ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಅಂಚಿನಿಂದ ಅಂಚಿಗೆ ಒಂದೇ ಸಮ. ಕಣ್ಣು ಹಾಗಲ್ಲ.

ಹಾಗೆ ಜಿಗಿಯುವಾಗ ದೃಶ್ಯ ಅಲುಗಾಡಬೇಕಲ್ಲ, ಯಾಕೆ ಅಲುಗಾಡುವುದಿಲ್ಲ? ಮೆದುಳು ಆ ಹೊತ್ತಿನ ನೋಟವನ್ನು ತಡೆಹಿಡಿಯುತ್ತದೆ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ಕಣ್ಣುಗುಡ್ಡೆ ಸರಿದದ್ದು ನಿಮಗೆ ಕಾಣುವುದೇ ಇಲ್ಲ. ಅದನ್ನೇ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಿದರೆ ಕಾಣುತ್ತದೆ, ಯಾಕೆಂದರೆ ಮೊಬೈಲ್ ಚಿತ್ರ ಒಂದು ಚೂರು ತಡವಾಗಿ ಬರುತ್ತದೆ. ನಾವು ನೋಡುವ ದೃಶ್ಯ ಕಣ್ಣು ತೆಗೆದ ಫೋಟೋ ಅಲ್ಲ. ತುಂಡು ತುಂಡಾಗಿ ಬಂದ ಮಾಹಿತಿಯಿಂದ ಮೆದುಳು ಕಟ್ಟಿಕೊಟ್ಟದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನಿಮ್ಮ ಕತ್ತಲೆಯ ವಿಷಯ. ಕಣ್ಣಿನ ಪಾಪೆ ಬಿಸಿಲಿಗೆ 2 ಮಿಲಿಮೀಟರಿಗೆ ಕುಗ್ಗುತ್ತದೆ, ಹರೆಯದಲ್ಲಿ ಕತ್ತಲೆಗೆ 8 ಮಿಲಿಮೀಟರಿನವರೆಗೂ ಹಿಗ್ಗುತ್ತದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಎಫ್/8ರಿಂದ ಎಫ್/2, ಅಂಕಿ ಇಳಿದಷ್ಟೂ ಲೆನ್ಸಿನ ಬಾಯಿ ಅಗಲ. ಇದರಿಂದ ಹೆಚ್ಚಾಗುವ ಬೆಳಕು ಬರೀ ಹದಿನಾರು ಪಟ್ಟು, ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಆದರೆ ಮಧ್ಯಾಹ್ನದ ಬಿಸಿಲಿಗೂ ಅಮಾವಾಸ್ಯೆಯ ರಾತ್ರಿಗೂ ಇರುವ ವ್ಯತ್ಯಾಸ ಕೋಟಿಗಟ್ಟಲೆ ಪಟ್ಟು. ಉಳಿದ ಕೆಲಸ ಮಾಡುವುದು ರೆಟಿನಾದೊಳಗಿನ ರಾಸಾಯನಿಕ. ಅಲ್ಲಿ ರಾಡ್, ಕೋನ್ ಎಂದು ಎರಡು ಬಗೆಯ ಕೋಶಗಳಿವೆ. ಕೋನ್‌ಗಳು ಬಣ್ಣಕ್ಕೆ, ಬೆಳಕಿಗೆ. ಸುಮಾರು 60 ಲಕ್ಷ. ರಾಡ್‌ಗಳು ಕತ್ತಲೆಗೆ, ಸುಮಾರು 9ರಿಂದ 12 ಕೋಟಿ. ಬೆಳಕು ಬಿದ್ದು ಬಿಳಿಚಿದ ರಾಡ್‌ಗಳು ಮತ್ತೆ ತಯಾರಾಗಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಕ್ಯಾಮೆರಾದಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಇರುವ ಸೂಕ್ಷ್ಮತೆ, ಬದಲಿಸಲು ಒಂದು ಗುಂಡಿ ತಿರುಗಿಸಿದರೆ ಸಾಕು. ಕಣ್ಣಿಗೆ ಅಂಥ ಗುಂಡಿ ಇಲ್ಲ. ಚೌಕಿಯಲ್ಲಿ ಕಣ್ಣು ಕೋರೈಸುವ ಎಲ್‌ಇಡಿ, ಹೊರಗೆ ಬಂದರೆ ಗದ್ದೆಯ ಕತ್ತಲೆ. ಯಾರಿಗಾದರೂ ತಡಕಾಡುವ ಹಾಗಾಗುತ್ತದೆ.

ವಯಸ್ಸಿನ ಪಾಲೂ ಇದೆ. ನಲವತ್ತು ದಾಟಿದ ಮೇಲೆ ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ. 7 ಮಿಲಿಮೀಟರ್ ಆಗುತ್ತಿದ್ದದ್ದು 5ಕ್ಕೆ ನಿಂತರೆ ಒಳಗೆ ಹೋಗುವ ಬೆಳಕು ಅರ್ಧಕ್ಕರ್ಧ ಕಡಿಮೆ, ಅಂದರೆ ಒಂದು ಸ್ಟಾಪ್ ನಷ್ಟ. ಮೇಲಿಂದ ಒಳಗಿನ ಲೆನ್ಸ್ ನಿಧಾನಕ್ಕೆ ಹಳದಿಯಾಗುತ್ತಾ ಬರುತ್ತದೆ. ಅದು ನಮಗೆ ಗೊತ್ತಾಗುವುದೇ ಇಲ್ಲ, ಮೆದುಳು ವೈಟ್ ಬ್ಯಾಲೆನ್ಸ್ ಸರಿಮಾಡಿಕೊಂಡು ಬಿಡುತ್ತದೆ. ಒಂದು ಕಣ್ಣಿನ ಪೊರೆ ತೆಗೆಸಿದವರು ಮರುದಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ, "ಇದೆಂಥ ಡಾಕ್ಟ್ರೇ, ಈ ಕಣ್ಣಿಗೆ ಗೋಡೆ ಬೆಳ್ಳಗೆ, ಆ ಕಣ್ಣಿಗೆ ಚಹಾ ಚೆಲ್ಲಿದ ಹಾಗೆ" ಎನ್ನುವುದು ನನಗೆ ಮಾಮೂಲು.

ಕತ್ತಲೆಯ ವಿಷಯದಲ್ಲಿ ಕ್ಯಾಮೆರಾ ಕಣ್ಣನ್ನು ಮೀರಿಸುವುದೂ ಉಂಟು. ಶಟರನ್ನು ಮೂವತ್ತು ಸೆಕೆಂಡ್ ತೆರೆದಿಟ್ಟು ಬೆಳಕು ಕೂಡಿಹಾಕಬಹುದು. ಕಣ್ಣು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ಕೂಡಿಡಲಾರದು. ಬೇಕಲ ಕೋಟೆಯ ಮೇಲೆ ಆಕಾಶಗಂಗೆ ಬಣ್ಣಬಣ್ಣವಾಗಿ ಫೋಟೋದಲ್ಲಿ ಬಂದರೂ ಬರಿಗಣ್ಣಿಗೆ ಬೂದಿ ಬಣ್ಣದ ಮಬ್ಬು ಮಾತ್ರ ಕಾಣುವುದು ಇದಕ್ಕೇ. ಆದರೆ ಕೋಲದಲ್ಲಿ ಉರಿಯುವ ಸೂಟೆ ಮತ್ತು ಅದರ ಹಿಂದಿನ ಮುಖದ ಬಣ್ಣಗಾರಿಕೆ ಎರಡೂ ಒಟ್ಟಿಗೆ ಕಣ್ಣಿಗೆ ಸಲೀಸಾಗಿ ಸಿಗುತ್ತವೆ. ಕ್ಯಾಮೆರಾದಲ್ಲಿ ಸೂಟೆ ಬಿಳಿ ಕಲೆಯಾಗಿ ಹಾರಿಹೋಗುತ್ತದೆ, ಇಲ್ಲವೇ ಮುಖ ಕಪ್ಪಾಗುತ್ತದೆ, ಅಲ್ವಾ? ರೆಟಿನಾದ ಒಂದೊಂದು ಜಾಗವೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಇಡೀ ಚೌಕಟ್ಟಿಗೆ ಒಂದೇ ಎಕ್ಸ್‌ಪೋಷರ್.

ಫೋಕಸ್ ವಿಷಯಕ್ಕೆ ಬರುವ ಮೊದಲು ಒಂದು ಮೀನಿನ ಕತೆ. ಮೀನು ತಿನ್ನುವ ಮನೆಯಲ್ಲಿ ಬಂಗುಡೆ ತಲೆ ಬೇಯಿಸಿದಾಗ ಕಣ್ಣಿನೊಳಗಿಂದ ಗಟ್ಟಿ ಬಿಳಿ ಗುಂಡು ಸಿಗುತ್ತದೆ. ಅದೇ ಅದರ ಲೆನ್ಸ್. ಹಸಿಯಾಗಿದ್ದಾಗ ಗಾಜಿನಷ್ಟು ತಿಳಿ, ಬೆಂದಾಗ ಬಿಳಿ. ಮೀನು ಫೋಕಸ್ ಮಾಡುವುದು ಆ ಗುಂಡನ್ನು ಹಿಂದೆ ಮುಂದೆ ಸರಿಸಿ. ಥೇಟ್ ನಿಮ್ಮ ಕ್ಯಾಮೆರಾ. ಮನುಷ್ಯರದ್ದು ಬೇರೆ ವಿಧಾನ. ನಮ್ಮ ಲೆನ್ಸ್ ಜಾಗ ಬಿಟ್ಟು ಕದಲುವುದಿಲ್ಲ, ಆಕಾರ ಬದಲಿಸುತ್ತದೆ. ಹತ್ತಿರದ್ದು ನೋಡುವಾಗ ಉಬ್ಬುತ್ತದೆ, ದೂರದ್ದಕ್ಕೆ ಚಪ್ಪಟೆಯಾಗುತ್ತದೆ. ಹತ್ತು ವರ್ಷದ ಮಗು ಮೂಗಿನ ತುದಿಯ ಹತ್ತಿರ ತಂದ ಅಕ್ಷರವನ್ನೂ ಓದುತ್ತದೆ. ಲೆನ್ಸ್ ವರ್ಷ ವರ್ಷ ಗಟ್ಟಿಯಾಗುತ್ತಾ ಹೋಗಿ, ನಲವತ್ತರ ಆಸುಪಾಸಿನಲ್ಲಿ ಉಬ್ಬುವುದು ಸಾಲದೆ ಬರುತ್ತದೆ. ಅದೇ ಚಾಳೀಸು. ಇದು ರೋಗ ಅಲ್ಲ, ನಿಮ್ಮೊಬ್ಬರಿಗೆ ಬಂದದ್ದೂ ಅಲ್ಲ.

ಹಾಗಾದರೆ ಕನ್ನಡಕ ಹಾಕಿದ್ದಕ್ಕೆ ಪವರ್ ಏರುತ್ತದಾ? ಇಲ್ಲ. ಮನೆಯವರು ನೋಡಿದ್ದು ನಿಜ, ಕಾರಣ ಹೇಳಿದ್ದು ಮಾತ್ರ ಸರಿಯಲ್ಲ. ನಲವತ್ತೈದರಿಂದ ಅರವತ್ತರವರೆಗೆ ಲೆನ್ಸ್ ಹೇಗೂ ಗಟ್ಟಿಯಾಗುತ್ತಲೇ ಇರುತ್ತದೆ, ಆದ್ದರಿಂದ ಪವರ್ ಹೇಗೂ ಏರುತ್ತದೆ. ಕನ್ನಡಕ ಹಾಕದೆ ಹಠ ಹಿಡಿದರೂ ಏರುತ್ತದೆ, ಜೊತೆಗೆ ತಲೆನೋವು ಬರುತ್ತದೆ.

ದಾರಿಗಳು ಏನೇನಿವೆ ನೋಡೋಣ. ಎಲ್ಲಕ್ಕಿಂತ ಮೊದಲು ನಿಮ್ಮ ವ್ಯೂಫೈಂಡರಿನ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ, ಡಯಾಪ್ಟರ್, ಅಂದರೆ ನಿಮ್ಮ ಕಣ್ಣಿನ ಪವರಿಗೆ ತಕ್ಕ ಹಾಗೆ ಹೊಂದಿಸಲು. ಎಷ್ಟೋ ಜನ ಕ್ಯಾಮೆರಾ ಕೊಂಡ ದಿನದಿಂದ ಅದನ್ನು ಮುಟ್ಟಿಯೇ ಇರುವುದಿಲ್ಲ. ಕನ್ನಡಕ ಇಲ್ಲದೆ ಕಣ್ಣಿಟ್ಟು, ಒಳಗಿನ ಅಕ್ಷರ ಅಂಕಿಗಳು ಚೂಪಾಗಿ ಕಾಣುವವರೆಗೆ ತಿರುಗಿಸಿ. ದೂರದ ನೋಟ ಚೆನ್ನಾಗಿರುವ ನಿಮ್ಮಂಥವರಿಗೆ ವ್ಯೂಫೈಂಡರಿಗೆ ಕನ್ನಡಕವೇ ಬೇಡ. ಹಿಂದಿನ ಸ್ಕ್ರೀನಿಗೆ ಮಾತ್ರ ಬೇಕು. ಅದಕ್ಕೆ ಕೊರಳಿಗೆ ದಾರ ಕಟ್ಟಿದ ಚಾಳೀಸು ಕನ್ನಡಕ ಸಾಕು. ಅಗ್ಗ, ಅಪಾಯ ಇಲ್ಲ, ಬೇಡವಾದರೆ ತೆಗೆದಿಡಬಹುದು. ಮದುವೆಮನೆಯಲ್ಲಿ ಕ್ಷಣಕ್ಕೊಮ್ಮೆ ಸ್ಕ್ರೀನ್, ಮಂಟಪ, ಮತ್ತೆ ಸ್ಕ್ರೀನ್ ಎಂದು ನೋಡುವವರಿಗೆ ದೂರ ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಒಳ್ಳೆಯದು. ಅದರ ದೋಷ ಏನೆಂದರೆ ಬದಿಗಳಲ್ಲಿ ಚಿತ್ರ ಸ್ವಲ್ಪ ಸೊಟ್ಟ, ಕೆಳಭಾಗದಿಂದ ನೋಡಿದರೆ ನೆಲ ಮಸುಕು. ಮೆಟ್ಟಿಲು ಇಳಿಯುವಾಗ ತಲೆ ಬಗ್ಗಿಸಿಯೇ ನೋಡಬೇಕು. ಹೊಂದಿಕೊಳ್ಳಲು ಒಂದೆರಡು ವಾರ ಬೇಕು.

ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಉಪಾಯ ಉಂಟು. ಕೆಲವರಿಗೆ ಹಿಡಿಸುತ್ತದೆ. ಆಳದ ಅಂದಾಜು ಸ್ವಲ್ಪ ತಪ್ಪುತ್ತದೆ, ಸ್ವಚ್ಛತೆ ಕೆಟ್ಟರೆ ಕಣ್ಣಿನ ಮುಂದಿನ ತಿಳಿ ಪದರ ಕಾರ್ನಿಯಾಕ್ಕೆ ಸೋಂಕು. ರಾತ್ರಿಯಿಡೀ ಧೂಳು, ಹೊಗೆಯ ನಡುವೆ ನಿಲ್ಲುವ ನಿಮಗೆ ನಾನಂತೂ ಹೇಳುವುದಿಲ್ಲ.

ಚಾಳೀಸಿಗೆ ಹನಿ ಮದ್ದು ಬಂದಿದೆಯಂತೆ ಎಂದು ಈಗ ಬಹಳ ಜನ ಕೇಳುತ್ತಾರೆ. ಪೈಲೋಕಾರ್ಪಿನ್ ಹಳೇ ಮದ್ದೇ. ಚಾಳೀಸಿಗೆ ಅಂತ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲಿ 2024ರಲ್ಲಿ ಅಂಥ ಒಂದು ಡ್ರಾಪ್ಸ್ ದೊಡ್ಡ ಸುದ್ದಿಯಾಗಿ, ಪ್ರಚಾರದಲ್ಲಿ ಹೇಳಿದ್ದು ಅತಿಯಾಯಿತೆಂದು ಔಷಧ ನಿಯಂತ್ರಕರು ಕೊಟ್ಟ ಅನುಮತಿಯನ್ನೇ ತಡೆಹಿಡಿದರು. ಅದು ಲೆನ್ಸನ್ನು ಮೆದು ಮಾಡುವುದಿಲ್ಲ. ಪಾಪೆಯನ್ನು ಚಿಕ್ಕದು ಮಾಡುತ್ತದೆ. ಎಫ್/16ಕ್ಕೆ ಇಳಿಸಿದರೆ ಡೆಪ್ತ್ ಆಫ್ ಫೀಲ್ಡ್, ಅಂದರೆ ಚೂಪಾಗಿ ಕಾಣುವ ದೂರದ ಹರವು, ಜಾಸ್ತಿಯಾಗುತ್ತದಲ್ಲ, ಅಷ್ಟೇ. ಎಫ್/16ರಲ್ಲಿ ರಾತ್ರಿಯಾಟ ನೋಡಿದರೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಲೆನೋವು ಸಾಮಾನ್ಯ, ಅಪರೂಪಕ್ಕೆ ರೆಟಿನಾ ಹರಿದದ್ದೂ ಇದೆ.

ಲೇಸರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಣ್ಣಿನಲ್ಲಿ ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಮಾಡುವುದು ಮುಂದಿನ ಕಾರ್ನಿಯಾ, ಒಳಗಿನ ಲೆನ್ಸ್ ಅಲ್ಲ. ಲೇಸರ್ ಕೆತ್ತುವುದು ಕಾರ್ನಿಯಾವನ್ನು. ನಿಮ್ಮ ತೊಂದರೆ ಇರುವುದು ಲೆನ್ಸಿನಲ್ಲಿ. ಲೆನ್ಸಿನ ಬಿಗಿತ ಲೇಸರಿನಿಂದ ಹೋಗುವುದಿಲ್ಲ.

ಹಾಗಾದರೆ ಲೆನ್ಸನ್ನೇ ಬದಲಿಸಿದರೆ? ಬದಲಿಸಬಹುದು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಸಲ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟರು. ಇವತ್ತು ಪೊರೆ ಬಂದವರಿಗೆ ದಿನನಿತ್ಯ ಮಾಡುವ ಕೆಲಸ ಅದೇ. ಆದರೆ ತಿಳಿಯಾಗಿರುವ ಲೆನ್ಸನ್ನು ಬರೀ ಚಾಳೀಸಿಗೋಸ್ಕರ ತೆಗೆಸುವುದು ಬೇರೆ ಮಾತು. ಹಾಕಿದ ಲೆನ್ಸ್ ನಿಮ್ಮ ಝೂಮ್ ಲೆನ್ಸಿನ ಹಾಗೆ ಅಲ್ಲ, ಸಾಮಾನ್ಯವಾಗಿ ಒಂದೇ ದೂರಕ್ಕೆ ಫಿಕ್ಸ್. ದೂರ ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಇದೆ. ಅದು ಒಳಗೆ ಬಂದ ಬೆಳಕನ್ನು ಹಂಚಿಬಿಡುತ್ತದೆ. ಹಾಗಾಗಿ ದೀಪಗಳ ಸುತ್ತ ಬಳೆ, ಕತ್ತಲೆಯಲ್ಲಿ ಕಾಂಟ್ರಾಸ್ಟ್ ಕಡಿಮೆ. ಮನೆಯಲ್ಲಿ ಪೇಪರ್ ಓದುವವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನೆರಳು ಬೆಳಕೇ ಕಸುಬಾದ ನೀವು ದಿನಾ ಬೈದುಕೊಳ್ಳುತ್ತೀರಿ. ಸೋಂಕು, ರೆಟಿನಾ ಕಳಚುವುದು ಇಂಥ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. 47ಕ್ಕೆ ನಾನು ಬೇಡ ಎನ್ನುತ್ತೇನೆ. ಮುಂದೆ ಪೊರೆ ಬಂದಾಗ ಹೇಗೂ ಬದಲಿಸಬೇಕಾಗುತ್ತದೆ, ಆಗ ಕೂತು ಮಾತಾಡೋಣ.

ಅಂತೂ ಲೆನ್ಸ್ ಬದಲಿಸಲು ಬರುತ್ತದೆ. ಸೆನ್ಸರ್ ಬದಲಿಸಲು ಬರುವುದಿಲ್ಲ. ರೆಟಿನಾಕ್ಕೂ ಅದರ ಹಿಂದಿನ ನರಕ್ಕೂ ಬಿಡಿಭಾಗ ಇಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣಕ್ಕೆ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಸೇರಿದ್ದು ನಿಮಗೆ ನೆನಪಿರಬಹುದು, ನೀವೂ ಹೋಗಿರಬಹುದು. ಫಿಲ್ಟರ್ ಇಲ್ಲದ ಟೆಲಿ ಲೆನ್ಸಿನಲ್ಲಿ ಸೂರ್ಯನನ್ನು ಹಿಡಿದು ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಫೋವಿಯಾ ಸುಟ್ಟುಹೋಗಬಹುದು. ನೋವೂ ಆಗುವುದಿಲ್ಲ, ಅಲ್ಲಿ ನೋವಿನ ನರವೇ ಇಲ್ಲ. ಮುಂದಿನ ಗ್ರಹಣಕ್ಕೆ ಇದು ನೆನಪಿರಲಿ.

ಈಗ ಬಲ್ಬಿನ ಸುತ್ತಲಿನ ಬಳೆ. ಕಾರಣ ಹಲವು. ಕಣ್ಣು ಒಣಗಿದ್ದರೆ, ಪಿಚ್ಚು ಅಂಟಿದ್ದರೆ ಬರುತ್ತದೆ, ರೆಪ್ಪೆ ಮಿಟುಕಿಸಿದರೆ ಹೋಗುತ್ತದೆ. ಪೊರೆ ಶುರುವಾಗಿದ್ದರೂ ಬರುತ್ತದೆ. ಆದರೆ ಬಳೆ ಕಾಮನಬಿಲ್ಲಿನ ಬಣ್ಣದಲ್ಲಿದ್ದು, ಮಂದ ಬೆಳಕಿನಲ್ಲಿ ಹೆಚ್ಚು ಹೊತ್ತು ಕೂತಾಗಲೇ ಬಂದು, ಜೊತೆಗೆ ಹುಬ್ಬಿನ ಮೇಲೆ ನೋವು, ಮಬ್ಬು ಇದ್ದರೆ ಅದು ಬೇರೆ. ಕಣ್ಣಿನೊಳಗಿನ ನೀರು ಹೊರಗೆ ಹರಿಯುವ ಮೂಲೆ ಕಿರಿದಾಗಿ ಒತ್ತಡ ಏರುವ ಲಕ್ಷಣ ಅದು. ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ ಮಾರಾಯ್ರೇ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಮೂಲೆ ಕಿರಿದಾಗಿದೆ ಎಂದು ಮೊದಲೇ ಗೊತ್ತಾದರೆ ಲೇಸರಿನಿಂದ ಒಂದು ಸಣ್ಣ ತೂತು ಮಾಡಿ ಅನಾಹುತ ತಪ್ಪಿಸಬಹುದು, ಕೆಲವೇ ನಿಮಿಷದ ಕೆಲಸ. ಲೇಸರ್ ನಿಮಗೆ ಬೇಕಾದರೆ ಇದಕ್ಕೆ ಬೇಕಾಗಬಹುದೇ ಹೊರತು ಚಾಳೀಸಿಗಲ್ಲ.

ಇನ್ನು ಟ್ರೈಪಾಡ್. ಒಂದು ಬಿಳಿ ಹಾಳೆಯಲ್ಲಿ ಎಡಕ್ಕೆ ಒಂದು ಗುಣಿಸು ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಕಾಳುಮೆಣಸಿನ ಗಾತ್ರದ ಕಪ್ಪು ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಿಸು ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನ ಹತ್ತಿರ ತನ್ನಿ. 30 ಸೆಂಟಿಮೀಟರ್ ಹತ್ತಿರ ಬಂದಾಗ ಚುಕ್ಕೆ ಮಾಯ. ಅಲ್ಲೊಂದು ಕಪ್ಪು ತೂತು ಕಾಣುತ್ತದಾ? ಇಲ್ಲ. ಬಿಳಿ ಹಾಳೆಯೇ ಕಾಣುತ್ತದೆ. ಎಲ್ಲರ ಕಣ್ಣಲ್ಲೂ ನರ ಹೊರಗೆ ಹೋಗುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶವೇ ಇಲ್ಲ. ಫ್ರಾನ್ಸಿನ ಮಾರಿಯೊಟ್ 17ನೇ ಶತಮಾನದಲ್ಲೇ ಇದನ್ನು ತೋರಿಸಿದರು. ಬೊಂಡಾಸಿಗೆ (ಸ್ಕ್ವಿಡ್) ಈ ಕುರುಡು ಚುಕ್ಕೆ ಇಲ್ಲ, ಅದರ ನರಗಳು ರೆಟಿನಾದ ಹಿಂದಿನಿಂದಲೇ ಹೊರಡುತ್ತವೆ. ನಮ್ಮದರಲ್ಲಿ ವೈರಿಂಗ್ ಮುಂದೆ.

ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸತ್ತರೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಬಂದು ನಿಮಗೆ ಗೊತ್ತಾಗುತ್ತದೆ. ಕಣ್ಣಲ್ಲಿ ಸತ್ತರೆ ಮೆದುಳು ಅಕ್ಕಪಕ್ಕದ್ದನ್ನು ನೋಡಿ ಆ ಜಾಗ ತುಂಬಿಬಿಡುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣೂ ಮುಚ್ಚುತ್ತದೆ. ನೀವು ಕಣ್ಣಿನ ಪ್ರೆಷರ್ ಎಂದಿರಲ್ಲ, ಆ ಗ್ಲುಕೋಮಾ ಕಾಯಿಲೆ ಇದರ ಮರೆಯಲ್ಲೇ ಬೆಳೆಯುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ಹತ್ತು ಹನ್ನೆರಡು ಲಕ್ಷ ನರದೆಳೆಗಳು ಒಂದೊಂದಾಗಿ ಸಾಯುತ್ತವೆ. ನಡುವಿನ ನೋಟ ಕೊನೆಯವರೆಗೂ ಚೂಪಾಗಿಯೇ ಉಳಿಯಬಹುದು. ಚಾರ್ಟಿನ ಕೊನೆಯ ಸಾಲು ಓದುವವರೂ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಾರೆ, ಕಾಲ ಬುಡದ ಸ್ಟೂಲಿಗೆ ಎಡವುತ್ತಾರೆ. ಆ ಕಡೆ ಕತ್ತಲೆ ಇದೆ ಎಂದು ಅವರಿಗೆ ಅನಿಸುವುದೇ ಇಲ್ಲ. ಆದ್ದರಿಂದ "ದೂರದ್ದು ಚೆನ್ನಾಗಿ ಕಾಣುತ್ತದೆ" ಎಂಬ ನಿಮ್ಮ ಮಾತನ್ನು ನಾನು ಈ ವಿಷಯದಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ನಿಮಗೆ ಗ್ಲುಕೋಮಾ ಇದೆ ಎಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ಕಪ್ಪು ಟ್ರೈಪಾಡಿಗೆ ಎಡವಲು ಗ್ಲುಕೋಮಾವೇ ಬೇಕೆಂದಿಲ್ಲ. ಆದರೆ ಒಡಹುಟ್ಟಿದವರಿಗೆ ಇದ್ದರೆ ನಮಗೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. "ನನಗೆ ಅಂಥದ್ದೇನಿಲ್ಲ" ಎಂದು ಪರೀಕ್ಷೆ ಮಾಡಿಸಿ ಹೇಳಿದ್ದೋ, ನೋವಿಲ್ಲ ಎಂದು ಹೇಳಿದ್ದೋ? ಬಿಪಿ ನಾರ್ಮಲ್ ಇದ್ದರೆ ಕಣ್ಣಿನ ಪ್ರೆಷರೂ ನಾರ್ಮಲ್ ಎಂದು ಬಹಳ ಜನ ನಂಬಿದ್ದಾರೆ. ಎರಡೂ ಬೇರೆ ಬೇರೆ. ಕಣ್ಣಿನದ್ದು 10ರಿಂದ 21 ಇದ್ದರೆ ಸಾಮಾನ್ಯ ಎನ್ನುತ್ತೇವೆ, ಅಷ್ಟರಲ್ಲೇ ಇದ್ದೂ ನರ ಹಾಳಾದವರಿದ್ದಾರೆ. ಹೋದ ನೋಟ ಯಾವ ಮದ್ದಿನಿಂದಲೂ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಡ್ರಾಪ್ಸ್, ಲೇಸರ್, ಆಪರೇಷನ್ ಇವೆ. ಅಣ್ಣ ದಿನಾ ತಪ್ಪದೆ ಹಾಕುತ್ತಿರುವುದು ಅದಕ್ಕೇ.

ಕನ್ನಡಕದ ಅಂಗಡಿಯ ಫ್ರೀ ಚೆಕಪ್‌ನಲ್ಲಿ ಪವರ್ ಗೊತ್ತಾಗುತ್ತದೆ, ನರದ ಸ್ಥಿತಿ ಗೊತ್ತಾಗುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ, ಕಾಸರಗೋಡೋ ಮಂಗಳೂರೋ ನಿಮಗೆ ಯಾವುದು ಅನುಕೂಲವೋ ಅಲ್ಲಿ. ನಾಲ್ಕು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ: ಕಣ್ಣಿನ ಒತ್ತಡ, ನೀರು ಹರಿಯುವ ಮೂಲೆ ನೋಡುವ ಗೋನಿಯೋಸ್ಕೋಪಿ, ಪಾಪೆ ಹಿಗ್ಗಿಸಿ ನರ ನೋಡುವುದು, ಮತ್ತು ಬದಿಯ ನೋಟ ಅಳೆಯುವ ಫೀಲ್ಡ್ ಟೆಸ್ಟ್. ಫೀಲ್ಡ್ ಟೆಸ್ಟ್ ಬೇಜಾರಿನ ಕೆಲಸ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತುತ್ತಾ ಕೂರಬೇಕು. ನಿದ್ದೆಗೆಟ್ಟು ಹೋದರೆ ರಿಪೋರ್ಟ್ ತಪ್ಪು ಬರುತ್ತದೆ, ಹಾಗಾಗಿ ಆಟದ ಮರುದಿನ ಬೇಡ. ಶುಗರ್ ಕೂಡ ನೋಡಿಸಿಕೊಂಡು ಹೋಗಿ. ಅಣ್ಣನ ಚೀಟಿ, ರಿಪೋರ್ಟ್ ಏನಿದೆಯೋ ತೆಗೆದುಕೊಂಡು ಹೋಗಿ. ಪಾಪೆ ಹಿಗ್ಗಿಸಿದ ಮೇಲೆ ನಾಲ್ಕಾರು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಓದಲಾಗುವುದಿಲ್ಲ. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಹೋಗಿ, ಆ ಸಂಜೆಗೆ ಯಾವ ಆರ್ಡರೂ ಹಿಡಿಯಬೇಡಿ.